ಎಷ್ಟು ಕುಡಿಯುತ್ತೆ

ಫಲಜ್ ಕಬಾಯಿಲಿನ ಹಳೆ ಗಾಡಿಗಳ ಬಯಲಲ್ಲಿ
ಆಗಸ್ಟಿನ ಒಂದು ಶುಕ್ರವಾರ, ನಮಾಜು ಮುಗಿದ ಮೇಲೆ,
ಎರಡು ಪಿಕಪ್ಪುಗಳ ನಡುವೆ ನಿಂತಿದ್ದೇವೆ:
ನಾನು, ನನ್ನ ಪಾಲುದಾರ ಇದಿನಬ್ಬ,
ಮತ್ತೆ ನಮ್ಮ ಹುಡುಗ ಶೊಫಿಕುಲ್.
ಹುಡುಗ ಅಂದರೆ, ನಲವತ್ತೊಂದು ವಯಸ್ಸು.

ಬಿಳಿಯದು ಸಿಂಗಲ್ ಕ್ಯಾಬಿನ್. ಉದ್ದನೆ ತೊಟ್ಟಿ,
ಲೀಟರಿಗೆ ಹನ್ನೆರಡು ಕಿಲೋಮೀಟರು,
ಕಿಟಕಿಯ ಗಾಜು ಕೈಯಲ್ಲೇ ತಿರುವಬೇಕು.
ಮರಳುಬಣ್ಣದ್ದು ಡಬಲ್ ಕ್ಯಾಬಿನ್. ನಾಲ್ಕೂ ಚಕ್ರಕ್ಕೆ ಬಲ,
ಮೋಟುತೊಟ್ಟಿ, ಲೀಟರಿಗೆ ಒಂಬತ್ತು,
ಅದೂ ಮಾರುವವನ ಬಾಯಲ್ಲಿ.

ನಮ್ಮಪ್ಪ ಗಂಗೊಳ್ಳಿಯಲ್ಲಿ ದೋಣಿಗೆ ಎಂಜಿನ್ ಕೊಳ್ಳುವಾಗ
ಬಣ್ಣ ಕೇಳಲಿಲ್ಲ, ಕಂಪನಿ ಕೇಳಲಿಲ್ಲ,
ಮೂಗಿನ ಹತ್ತಿರ ಕೈ ತಂದು ಸೀಮೆಎಣ್ಣೆ ಮೂಸಿ
'ಎಷ್ಟ್ ಕುಡಿತ್ತ್ ಇದು?' ಅಂದಿದ್ದ,
ಹೆಣ್ಣು ಕೊಡುವವರು ಗಂಡಿನ ಬಗ್ಗೆ ಕೇಳುವ ಹಾಗೆ.
ನಾನೂ ಅದನ್ನೇ ಕೇಳಿದೆ, ಮುರುಕು ಹಿಂದಿಯಲ್ಲಿ.
ಮುದುಕ ಸುಲೈಯಂ ಕಾವಾ ಲೋಟ ಅಲ್ಲಾಡಿಸುತ್ತ ನಕ್ಕ:
'ನೀನು ಕುಡಿಸಿದಷ್ಟು, ಮುಹಂದಿಸ್.'

ಎಸಿ ರಿಪೇರಿಯವನು ನಾನು. ಜೇಬಲ್ಲೇ ಥರ್ಮಾಮೀಟರು.
ಎರಡರ ತೂತಿಗೂ ಇಟ್ಟು ನೋಡಿದೆ. ಎರಡೂ ತಣ್ಣಗೆ.
ಸೊಹಾರಿನ ಅರ್ಧ ಮನೆಗಳಿಗೆ ಚಳಿ ಹಂಚಿದವನು
ಹಳೆ ಗಾಡಿಯಲ್ಲಿ ಆರು ವರ್ಷ ಕಿಟಕಿ ತೆಗೆದೇ ಓಡಿಸಿದ್ದೇನೆ.
ಎಸಿ ಹಾಕಿದರೆ ಪೆಟ್ರೋಲ್ ಮುಳ್ಳು ಇಳಿಯುವುದು
ನನ್ನ ಎದೆಗೇ ಕಾಣಿಸುತ್ತಿತ್ತು.

ಇದಿನಬ್ಬ ಕಂಪ್ರೆಸರಿನ ರಟ್ಟು ಹರಿದು ಲೆಕ್ಕ ಬರೆದ.
ತಿಂಗಳಿಗೆ ಮೂರು ಸಾವಿರ ಕಿಲೋಮೀಟರು,
ಲೀಟರಿಗೆ ಇನ್ನೂರ ಮೂವತ್ತು ಬೈಸ,
ವ್ಯತ್ಯಾಸ ಹತ್ತೊಂಬತ್ತು ರಿಯಾಲ್, ಚಿಲ್ಲರೆ ಬಿಟ್ಟು.
'ವಾದಿ ಹಿಬಿಗೆ ವರ್ಷಕ್ಕೆ ಮೂರು ಸಲ ಹೋಗುತ್ತೇವೆ.
ಮೂರು ದಿನದ ಕಲ್ಲುದಾರಿಗೆ
ವರ್ಷವಿಡೀ ನಾಲ್ಕು ಚಕ್ರಕ್ಕೆ ಮೇವು ಹಾಕುವುದಾ?'
ಸರಿಯಾದ ಮಾತು. ಬಿಳಿಯದರ ಬಾಗಿಲು ತೆಗೆದೆ.

ಆಗ ಯಾರೂ ಹೇಳದೆ ಶೊಫಿಕುಲ್
ಬಿಳಿ ಗಾಡಿಯ ತೊಟ್ಟಿ ಹತ್ತಿ ಮಲಗಿದ,
ಕೆಳಗೆ ಗೋಣಿ ಹಾಸಿ, ತಗಡು ಸುಡುತ್ತಿತ್ತಲ್ಲ.
ತಲೆಯಿಂದ ಹಿಮ್ಮಡಿಗೆ ಅಳೆದು ಸರಿಯಾಗಿ ಹಿಡಿಯಿತು.
ಇಳಿದು ಮರಳುಬಣ್ಣದ್ದಕ್ಕೆ ಹತ್ತಿದ. ಮೊಣಕಾಲು ಮಡಚಬೇಕಾಯಿತು.
'ಹಾಸಿಗೆ ಇದ್ದಷ್ಟು ಕಾಲು ಚಾಚು' ಅಂತ ಇದಿನಬ್ಬ ನಗಾಡಿದ.
ಶೊಫಿಕುಲನಿಗೆ ಕನ್ನಡ ಬಾರದು, ಅವನೂ ನಕ್ಕ,
ಬಿಳಿಯದರತ್ತ ಬೆರಳು ತೋರಿಸಿ, 'ಅದೇ ಅಚ್ಛಾ.'

ಹಳೆ ಗಾಡಿಯಲ್ಲಿ ಅವನ ಜಾಗ ಅದೇ ತಾನೆ:
ಒಂದು ತೋಳು ಕಂಪ್ರೆಸರಿನ ಮೇಲೆ, ಮುಖಕ್ಕೆ ಒದ್ದೆ ಟವೆಲು,
ಪೊಲೀಸು ಗಾಡಿ ಕಂಡರೆ ನಾನು ಎರಡು ಸಲ ಹಾರ್ನು,
ಅವನು ಟಾರ್ಪಾಲಿನ ಕೆಳಗೆ.
ಡಬಲ್ ಕ್ಯಾಬಿನ್ ಅಂದರೆ ಏನೆಂದು
ಅವನಿಗೆ ಹೊಳೆದೇ ಇರಲಿಲ್ಲ.
ನಿಜ ಹೇಳುತ್ತೇನೆ, ಅಲ್ಲಿಯವರೆಗೆ ನನಗೂ.

ಎಷ್ಟು ಚೌಕಾಸಿ ಮಾಡಿದೆನೋ ನೆನಪಿಲ್ಲ.
ಇದಿನಬ್ಬ ಎರಡು ದಿನ ಮಾತು ಬಿಟ್ಟ.
ಕಂಪ್ರೆಸರು ಈಗ ಅಡ್ಡಕ್ಕೆ ನಿಲ್ಲುತ್ತದೆ,
ಹಿಂದಿನ ಹಲಗೆ ಮುಚ್ಚುವುದಿಲ್ಲ, ಹಗ್ಗ ಬಿಗಿಯಬೇಕು.
ತಿಂಗಳ ಕೊನೆಗೆ ಲೆಕ್ಕದ ಪುಸ್ತಕದಲ್ಲಿ
ಆ ಹತ್ತೊಂಬತ್ತು ರಿಯಾಲಿನ ಮುಂದೆ 'ಶೊಫಿಕುಲ್' ಎಂದು ಬರೆದೆ,
ನಾಚಿಕೆಯಾಗಿ ಹೊಡೆದುಹಾಕಿ
'ಇತರೆ' ಎಂದೆ.

ಹಿಂದಿನ ಸೀಟಿಗೆ ಗಾಳಿಯ ತೂತೇ ಇಲ್ಲವೆಂದು
ಗೊತ್ತಾದದ್ದು ನಾಲ್ಕನೇ ವಾರ,
ಕನ್ನಡಿಯಲ್ಲಿ ಅವನ ಅಂಗಿ ಕಂಡಾಗ.
ಅವನು ಹೇಳಿರಲಿಲ್ಲ.
ನಿನ್ನೆ ರಾತ್ರಿ ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು
ಮುಂದಿನ ಸೀಟಿನ ಅಡಿಯಿಂದ ಬೆಳ್ಳಿಬಣ್ಣದ ಡಕ್ಟು ಎಳೆದೆ,
ಒಂದೂವರೆ ಮೀಟರು, ಟೇಪು ಬೇರೆ.
ಮುಳ್ಳು ಇನ್ನೂ ಬೇಗ ಇಳಿಯುತ್ತಿದೆ.