ಹದಿನಾಲ್ಕು ಜನರ ಸೀರೆ

ತಲೆಗೆ ಇಪ್ಪತ್ತೈದು, ಹದಿನಾಲ್ಕು ತಲೆ,
ಒಟ್ಟು ಮುನ್ನೂರೈವತ್ತು.
ಗಾಂಧಿಬಜಾರಿನಲ್ಲಿ ಚೌಕಾಸಿಗೆ ಕೂತವಳು ಜೆಸಿಂತಾ,
ಭದ್ರಾವತಿ ಕಾರ್ಖಾನೆ ಕ್ವಾರ್ಟರ್ಸಿನವಳು,
ಕಬ್ಬಿಣದ ನೆರೆಯಲ್ಲಿ ಬೆಳೆದವಳು, ಬಗ್ಗಲಿಲ್ಲ.
ಮುನ್ನೂರಮೂವತ್ತಕ್ಕೆ ಇಳಿಸಿದಳು.
ಉಳಿದ ಇಪ್ಪತ್ತು ರೂಪಾಯಿಗೆ ಗೋಪಿ ಸರ್ಕಲ್ಲಿನಲ್ಲಿ ನಿಂತು
ಹದಿನಾಲ್ಕು ಜನ ಮಂಡಕ್ಕಿ ತಿಂದೆವು.

ನವಿಲುಕತ್ತಿನ ಬಣ್ಣ ಅಂದಿದ್ದ ಅಂಗಡಿಯವನು.
ಹಾಸ್ಟೆಲಿನ ಟ್ಯೂಬ್‌ಲೈಟಿನ ಕೆಳಗೆ ಬರೀ ನೀಲಿ.

ಟ್ರಂಕು ನನ್ನದು, ಹಾಗಾಗಿ ಕೀಲಿ ನನ್ನದು,
ಹಾಗಾಗಿ ಲೆಕ್ಕದ ಪುಸ್ತಕವೂ.
ಉಟ್ಟವಳು ಬರೆಯಬೇಕು:
ಯಾವತ್ತು, ಯಾತಕ್ಕೆ, ಕಲೆ ಏನಾದರೂ ಆಯಿತೇ.

ಸುಶೀಲಾಬಾಯಿ. ಬ್ಯಾಂಕಿನ ಇಂಟರ್‌ವ್ಯೂ.
ಕಲೆ ಇಲ್ಲ. ಕೆಲಸವೂ ಇಲ್ಲ.
ನಿಲೋಫರ್. ಚರ್ಚಾಸ್ಪರ್ಧೆ, ಎರಡನೇ ಬಹುಮಾನ, ಸ್ಟೀಲಿನ ಡಬ್ಬಿ.
ಕಲೆ: ಸೆರಗಿಗೆ ಶಾಯಿ.
ಮೂಕಾಂಬೆ, ಹೊಸನಗರ. ಗಂಡಿನವರು ನೋಡಲು ಬಂದಿದ್ದರು.
ಕಲೆ: ಕಾಫಿ. ಬೇಕಂತಲೇ ಚೆಲ್ಲಿದ್ದು, ಯಾರಿಗೂ ಹೇಳಬೇಡಿ.
ನಾನು. ಅಪ್ಪನ ಪಿಂಚಣಿ ಕಾಗದ, ಡಿ.ಸಿ. ಆಫೀಸು.
ಮೂರು ಸಲ.

ಅಕ್ಕತಂಗಿಯರ ಹಾಗಿದ್ದಿರಾ ಅಂತ ಕೇಳುತ್ತಾರೆ ಈಗ.
ಇಲ್ಲಪ್ಪ.
ಒಂದು ಸೋಪನ್ನು ದಾರದಲ್ಲಿ ನಾಲ್ಕು ಮಾಡಿ
ದೊಡ್ಡ ತುಂಡಿಗೆ ಜುಟ್ಟು ಹಿಡಿದವರು ನಾವು.
ಬೆಳಗಿನ ನಾಲ್ಕೂವರೆಯ ನಲ್ಲಿಗೆ
ರಾತ್ರಿಯೇ ಬಕೆಟ್ಟು ಇಟ್ಟು, ಬೆಳಗ್ಗೆ ಎದ್ದು
ಬೇರೆಯವಳ ಬಕೆಟ್ಟನ್ನು ಹಿಂದೆ ಸರಿಸಿದವರು.
ಮೊದಲ ವರ್ಷ ಪೂರ್ತಿ
ತನ್ನ ತಟ್ಟೆ ಬೇರೆ ಇಟ್ಟುಕೊಂಡವಳೊಬ್ಬಳಿದ್ದಳು.
ಸೀರೆಗೆ ಅವಳೂ ಇಪ್ಪತ್ತೈದು ಕೊಟ್ಟಳು.
ಉಟ್ಟಳು ಕೂಡ,
ಸುಶೀಲಾಬಾಯಿ ಉಟ್ಟು ಮಡಿಸಿಟ್ಟ ಮೇಲೆ.
ಏನನ್ನಿಸಿತೋ, ಬರೆಯಲು ಅಂಕಣ ಇರಲಿಲ್ಲ.

ಪಾರಿಜಾತ, ಸೊರಬ. ಫೆಬ್ರವರಿ ಹನ್ನೊಂದು.
ಯಾತಕ್ಕೆ: ಸ್ವಂತ.
ಮುಂದಿನದು ಖಾಲಿ.

ಸಂಜೆ ರಾಜದೂತ್ ಬೈಕಿನಲ್ಲಿ ಅವಳ ಚಿಕ್ಕಪ್ಪ,
ಹಿಂದೆ ಇನ್ನಿಬ್ಬರು.
ವಾರ್ಡನ್ ಕಮಲಾಕ್ಷಮ್ಮ ಊಟದ ಹಾಲಿನಲ್ಲಿ
ಹದಿಮೂರು ಜನರನ್ನು ಸಾಲಾಗಿ ನಿಲ್ಲಿಸಿ
ಎಲ್ಲಿ ಅಂದರು.

ನಾವು ಮಾತಾಡಿಕೊಂಡಿರಲಿಲ್ಲ. ನಿಜವಾಗಿಯೂ.
ಸೋಪಿನ ಜಗಳಕ್ಕೆ ಎರಡು ತಿಂಗಳಿಂದ
ಪಾರಿಜಾತನ ಹತ್ತಿರ ಮಾತು ಬಿಟ್ಟಿದ್ದ ಗಂಗೂ
ಮೊದಲು ಬಾಯಿಬಿಟ್ಟಳು:
ಹೊಟ್ಟೆನೋವು ಮೇಡಂ, ಮೆಗ್ಗಾನ್ ಆಸ್ಪತ್ರೆಗೆ ಹೋದಳು.
ಆಟೋ ಹತ್ತಿಸಿದ್ದು ನಾನೇ, ಅಂದಳು ನಿಲೋಫರ್.
ಆಟೋದಲ್ಲಿ ವಾಂತಿ ಮಾಡಿಕೊಂಡಳು, ಅಂದಳು
ಆಟೋದಲ್ಲಿ ಇರದಿದ್ದ ಮೂಕಾಂಬೆ.
ತಟ್ಟೆ ಬೇರೆ ಇಟ್ಟವಳು ತಲೆ ಎತ್ತದೆ
ವಾರ್ಡಿನ ನಂಬರೂ ಹೇಳಿದಳು.

ಬೈಕು ಮೆಗ್ಗಾನಿಗೆ ಹೋಗಿ, ವಾರ್ಡು ವಾರ್ಡು ಹುಡುಕಿ
ಬರುವಷ್ಟರಲ್ಲಿ ರೈಲು ಬೀರೂರು ದಾಟಿತ್ತು.

ಪರೀಕ್ಷೆ ಮುಗಿಯುವವರೆಗೂ ಗೇಟಿಗೆ ಆರಕ್ಕೇ ಬೀಗ.
ಮಜ್ಜಿಗೆ ನಿಂತಿತು.
ರಾತ್ರಿ ಕತ್ತಲಲ್ಲಿ ಬೈದೆವು, ಸುಳ್ಳು ಹೇಳಿದ್ದಕ್ಕಲ್ಲ:
ಓಡಿಹೋಗುವವಳು ತನ್ನ ಸೀರೆ ಉಟ್ಟು ಓಡಬಾರದಿತ್ತೇ?
ಸುಶೀಲಾಬಾಯಿ ಇನ್ನೊಂದು ಇಂಟರ್‌ವ್ಯೂಗೆ
ನಿಲೋಫರಳ ಚೂಡಿದಾರದಲ್ಲಿ ಹೋದಳು,
ಕಂಕುಳಲ್ಲಿ ಬಿಗಿ, ಕೈ ಎತ್ತುವಂತಿಲ್ಲ.
ಕೆಲಸ ಸಿಕ್ಕಿತು.

ಜುಲೈಯಲ್ಲಿ ನನ್ನ ಹೆಸರಿಗೆ ಮನಿಯಾರ್ಡರು.
ಮುನ್ನೂರೈದು ರೂಪಾಯಿ.
ಊರು ಯಾವುದೋ, ಠಸ್ಸೆ ಮಸಿ ಮಸಿ.
ಕೆಳಗೆ, ಸಂದೇಶಕ್ಕೆಂದು ಬಿಟ್ಟ ಬೆರಳಗಲ ಜಾಗದಲ್ಲಿ:
ಕಲೆ: ಅರಿಶಿನ. ತೊಳೆದರೂ ಹೋಗಲಿಲ್ಲ.

ನನಗೆ ಗಂಟಲು ಕಟ್ಟಿತು. ಜೆಸಿಂತಾ
ಪೆನ್ಸಿಲ್ ತಗೊಂಡು ಲೆಕ್ಕಕ್ಕೆ ಕೂತಳು.
ತನ್ನ ಪಾಲು ಇಪ್ಪತ್ತೈದು ಹಿಡಿದುಕೊಂಡಿದಾಳೆ.
ಸೀರೆಯಲ್ಲಿ ಅವಳ ಪಾಲು ಇಪ್ಪತ್ತಮೂರೂವರೆ.
ಮಂಡಕ್ಕಿ ತಿಂದಿಲ್ಲವೇನು?
ಒಂದೂವರೆ ರೂಪಾಯಿ ಬಾಕಿ, ಬರಿ.

ಬರೆದೆ. ಹೋಗಲಿ, ಹೊಡೆದುಹಾಕೋಣ ಅಂದೆ.
ಬೇಡ, ಅಂದಳು. ಇರಲಿ.
ಎಲ್ಲಾದರೂ ಸಿಕ್ಕಿದರೆ
ನಿಲ್ಲಿಸಿ ಮಾತಾಡಿಸಲಿಕ್ಕೆ ಒಂದು ನೆವ ಬೇಕಲ್ಲ.