ವಿಳಾಸ ತೊಳೆದ ಕಾರ್ಡು

ಇನ್ನೂರ ಹದಿನಾಲ್ಕು ಹಡಗುಗಳಿವೆ ನನ್ನ ಬಳಿ,
ಎಲ್ಲ ಸೇರಿ ಎರಡು ಬಿಸ್ಕತ್ತಿನ ಡಬ್ಬ.
ಅರಸೀಕೆರೆಯಲ್ಲಿ, ಹಳಿಯಾಚೆಯ ಓಣಿಯಲ್ಲಿ,
ಕೆರೆ ಊರಿನ ಹೆಸರಲ್ಲಷ್ಟೇ ಉಳಿಯುವ ಬೇಸಿಗೆಯಲ್ಲಿ
ಶಿವನಂಜಮ್ಮ ಬಂದವರಿಗೆಲ್ಲ ಹೇಳುತ್ತಾಳೆ:
"ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು,
ಇವರಿಗೆ ದಿನಾ ಸಮುದ್ರ."

ಬರೀ ಹಡಗಲ್ಲ, ಕಾರು ಹೊತ್ತು ದಾಟಿಸುವಂಥವು.
ಮೊಸಳೆಯ ಹಾಗೆ ಬಾಯಿ ದಡಕ್ಕೆ ಚಾಚಿ
ಒಂದೊಂದೇ ಗಾಡಿ ನುಂಗಿ
ಆಚೆ ದಡದಲ್ಲಿ ಗೀರೂ ಬೀಳದಂತೆ ಉಗುಳುವಂಥವು.
ಕೆಲವಕ್ಕೆ ಯಾರೋ ಕೈಯಲ್ಲಿ ಬಳಿದ ಬಣ್ಣ,
ನೀರಿಗೆ ಹಚ್ಚಿದ ನೀಲಿ ಅರ್ಧ ಚಿಮಣಿಗೂ ಮೆತ್ತಿದೆ.
ಹೊನ್ನಾವರದ ಸಾಂತು ಫರ್ನಾಂಡಿಸ್ ಸ್ಟುಡಿಯೋ ಮುಚ್ಚುವಾಗ
ಕಳಿಸಿದ್ದು ಹನ್ನೊಂದು. ಶರಾವತಿಯ ಜಂಗಲ್,
ಎರಡು ದೋಣಿ ಜೋಡಿಸಿ ಹಲಗೆ ಹಾಸಿದ್ದು,
ಮೇಲೊಂದು ಅಂಬಾಸಿಡರ್, ಬಾನೆಟ್ಟಿನ ಮೇಲೆ ಮದುವೆಯ ಹೂವು,
ಮದುಮಗನೇ ಬಗ್ಗಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದಾನೆ.

ಭೂತಗನ್ನಡಿ ಹಿಡಿದು ನಾನು ಹುಡುಕುವುದು ಒಂದೇ:
ಗಾಡಿಯೊಳಗೆ ಯಾರಾದರೂ ಕೂತೇ ಇದ್ದಾರಾ ಅಂತ.
ಇದ್ದೇ ಇರುತ್ತಾರೆ ಒಬ್ಬರು.
ಇಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಎಳೆದಿದೆ,
ಎರಡೂ ಕೈ ಸ್ಟಿಯರಿಂಗ್ ಮೇಲೆ,
ಹೊಳೆ ದಾಟಿಸುತ್ತಿರುವುದು ತಾವೇ ಎಂಬಂತೆ.
ನಗು ಬರುತ್ತದೆ. ಆಮೇಲೆ ಬರುವುದಿಲ್ಲ.
ಮೂವತ್ತೊಂದು ವರ್ಷ ನಾನೂ ಹಾಗೇ ಇದ್ದೆ,
ಆರ್‌ಎಂಎಸ್ ಬೋಗಿಯಲ್ಲಿ, ರಾತ್ರಿ ಪಾಳಿ,
ಓಡುವ ರೈಲಿನೊಳಗೆ ನಿಂತಲ್ಲೇ ನಿಂತು
ಕಡೂರು, ಬೀರೂರು, ತಿಪಟೂರು ಎಂದು
ಗೂಡುಗೂಡಿಗೆ ಕಾಗದ ಎಸೆಯುತ್ತಾ.

ಮೊದಲನೆಯದನ್ನು ಮನೆಯಲ್ಲಿ ತೋರಿಸಿಲ್ಲ.
ಎರಡನೇ ಡಬ್ಬದ ತಳದಲ್ಲಿದೆ,
ಬಾಡಿದ ವೀಳ್ಯದೆಲೆಯಷ್ಟು ಮೆತ್ತಗಾಗಿ.
ಯಾವುದೋ ಚಳಿದೇಶದ ಬಿಳಿ ಹಡಗು,
ಸಾಲು ಕಾರು, ಗಾಳಿಗೆ ಟೋಪಿ ಹಿಡಿದ ಹೆಂಗಸರು.
ಹಿಂದೆ ಕನ್ನಡದಲ್ಲಿ, ದುಂಡಗೆ:
"ಕಾರಿನ ಸಮೇತ ನೀರು ದಾಟಿದೆ. ಇಳಿಯಲೂ ಇಲ್ಲ.
ಹೇಳಿದರೆ ನಂಬಲ್ಲ ನೀನು, ಅದಕ್ಕೇ ಚಿತ್ರ. ಬೈಯಬೇಡ."
ವಿಳಾಸದ ಮೇಲೆ ಚೀಲಕ್ಕಿಳಿದ ಮಳೆ.
ಏನೋ ಒಂದು ಮ್ಮನಿಗೆ, ಏನೋ ಒಂದು ಹಳ್ಳಿ,
ಅರಸೀಕೆರೆ ತಾಲೂಕು.

ನಮ್ಮ ತಾಲೂಕಿನಲ್ಲಿ ಯಾವುದು ಹಳ್ಳಿಯಲ್ಲ, ಯಾರು ಅಮ್ಮನಲ್ಲ?
ಕಾನೂನಿನಂತೆ ಅದು ಬೆಂಗಳೂರಿಗೆ ಹೋಗಬೇಕು,
ವಾರಸುದಾರರಿಲ್ಲದ ಕಾಗದಗಳ ಕಚೇರಿಗೆ.
ನಾಳೆ ಕಳಿಸೋಣ ಎಂದು ಅಂಗಿ ಜೇಬಿಗಿಟ್ಟೆ.
ಆ ನಾಳೆಗೆ ಈಗ ನಲವತ್ತು ತುಂಬಿತು.

ಕೆಲವು ಭಾನುವಾರ ಸೈಕಲ್ ಹತ್ತಿ
ಊರೂರು ಕೇಳಿದ್ದುಂಟು, ಸುಳ್ಳಲ್ಲ:
ನಿಮ್ಮವರು ಯಾರಾದರೂ ದೂರದೇಶದಲ್ಲಿ, ಕಾರು ಇದ್ದವರು?
ಬಾಣಾವರದ ಹತ್ತಿರ ಒಬ್ಬ ಮುದುಕಿ
ಎರಡು ಸಲ ಓದಿಸಿಕೊಂಡು ಕಾರ್ಡು ವಾಪಸು ಕೊಟ್ಟಳು:
"ನಮ್ಮದಲ್ಲ ಕಣಪ್ಪ.
ನನ್ನ ಬೈಗುಳಕ್ಕೆ ಹೆದರೋರು ಯಾರೂ ಉಳಿದಿಲ್ಲ."

ಆಮೇಲೆ ಶುರುವಾದದ್ದು ಈ ಚಟ.
ರದ್ದಿ ಅಂಗಡಿ, ಸತ್ತವರ ಆಲ್ಬಮ್, ಅಂಚೆಯ ಗೆಳೆಯರು,
ಕೊಂಡು, ಬೇಡಿ ತಂದವು ಇನ್ನೂರ ಹದಿಮೂರು,
ಕದ್ದ ಒಂದನ್ನು ಗುಂಪಿನಲ್ಲಿ ಮರೆಸಲು.

ಇವತ್ತು ಕರೆಂಟಿಲ್ಲದ ಮಧ್ಯಾಹ್ನ
ಬಾಗಿಲ ಬೆಳಕಿಗೆ ಎಲ್ಲ ಹರವಿಕೊಂಡು ಕೂತಿದ್ದೆ.
ಶಿವನಂಜಮ್ಮ ಬಗ್ಗಿ, ಅದೇ ಬೇಕೆಂಬಂತೆ ಅದನ್ನೇ ಎತ್ತಿ,
ಕನ್ನಡಕವಿಲ್ಲದೆ ದೂರ ಹಿಡಿದು ಓದಿದಳು.
"ಯಾರಿದು, ಇಳಿಯಲೂ ಇಲ್ಲ ಅನ್ನೋಳು?"
ಹೇಳಲು ಬಾಯಿ ತೆರೆದೆ. ಶಿವಮೊಗ್ಗದ ಗಾಡಿ ಕೂಗಿತು,
ಅದು ಹೋಗುವ ತನಕ ಇಬ್ಬರೂ ಕಾದೆವು.
"ಇಷ್ಟು ಹೊತ್ತಿಗೆ ಇಳಿದಿರ್ತಾಳೆ ಬಿಡಿ,"
ಎಂದು ಕಾರ್ಡನ್ನು ಎಲ್ಲಕ್ಕಿಂತ ಮೇಲಿಟ್ಟು,
ಮುಚ್ಚಳ ಹುಡುಕದೆ ಕೊಡ ಹುಡುಕಿ ಓಡಿದಳು.
ಹಿತ್ತಲಲ್ಲಿ ನಲ್ಲಿ ಬಂದಿತ್ತು.