ನಲವತ್ತು ತಿಂಗಳು

ಏಳು ಬಳೆ.
ಅಕ್ಕಸಾಲಿ ಫೌಜಿಯ ತಕ್ಕಡಿಗೆ ಇಳಿದಾಗ
ಅವು ತುಟಿ ಬಿಚ್ಚಲಿಲ್ಲ. ಮೂವತ್ತು ವರ್ಷ
ಹೊಲಿಗೆ ಯಂತ್ರದ ಗಾಲಿ ತಿರುವಿದಾಗೆಲ್ಲ
ನನ್ನ ಕೈಮೇಲೆ ಎಷ್ಟೊಂದು ಹರಟಿದ್ದವು!
ಎರಡು ಸಾವಿರದ ನಾನೂರು ಡಾಲರ್.
ಮಿಕ್ಕ ಆರುನೂರು ಒಬ್ಬ ಮದುಮಗಳ ಮುಂಗಡ.
ಅವಳ ಬಿಳಿ ಉಡುಪು ಇನ್ನೂ ಕಾಗದದ ಮೇಲಿತ್ತು.

ಬ್ಯಾಂಕಿನಲ್ಲಿ ಏನೂ ಇಲ್ಲವೆ ಎಂದು ಕೇಳಬೇಡಿ.
ಹತ್ತೊಂಬತ್ತು ಸಾವಿರವಿದೆ.
ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಗಾಜಿನ ಹಿಂದಿನ ಹುಡುಗ ತಿಂಗಳಿಗೊಮ್ಮೆ
ನನ್ನದೇ ರೊಟ್ಟಿಯ ಒಂದು ಚೂರು ಮುರಿದು ಕೊಟ್ಟು
ಸಹಿ ಹಾಕಿಸಿಕೊಳ್ಳುತ್ತಾನೆ. ಇಡೀ ಲೆಬನಾನಿನ
ಸಹಿ ಇದೆ ಆ ಪುಸ್ತಕದಲ್ಲಿ.

ಮೂರು ಸಾವಿರವನ್ನು ನಿಜಾರ್ ಹೀಗೆ ಕತ್ತರಿಸಿದ:
ಆರು ಫಲಕ, ಸಾವಿರದ ಇಪ್ಪತ್ತು.
ಇನ್ವರ್ಟರ್ ಆರುನೂರ ಐವತ್ತು.
ನಾಲ್ಕು ಬ್ಯಾಟರಿ, ಎಂಟುನೂರ ಎಂಬತ್ತು.
ಕಬ್ಬಿಣ, ತಂತಿ, ಕೂಲಿ, ಮೇಲೆ ಐದು ಮಹಡಿಯ ಮೆಟ್ಟಿಲು
(ಲಿಫ್ಟ್ ಇದೆ; ಅದು ಉಣ್ಣುವುದು ಇಲ್ಲ)
ನಾನೂರ ಐವತ್ತು.
ಅಂಚು ಮಡಿಚಲೂ ಬಟ್ಟೆ ಉಳಿಯಲಿಲ್ಲ.

ಇತ್ತ ಬೀದಿಯ ಜನರೇಟರಿನ ಒಡೆಯ ಅಬೂ ಹರ್ಬ್:
ಐದು ಆಂಪಿಯರಿಗೆ ತಿಂಗಳಿಗೆ ಎಪ್ಪತ್ತೈದು.
ಇಸ್ತ್ರಿ ಹಚ್ಚಿದರೆ ಫ್ರಿಜ್ ಆರಿಸಬೇಕು,
ಫ್ರಿಜ್ ಹಾಕಿದರೆ ಯಂತ್ರ ನಿಲ್ಲಿಸಬೇಕು,
ನಡುರಾತ್ರಿಗೆ ಅವನೇ ಮಲಗಿಬಿಡುತ್ತಾನೆ.
ಕತ್ತರಿಸುವ ಮೇಜಿನ ಮೇಲೆ, ಸೀಮೆಸುಣ್ಣದಲ್ಲಿ
ಮೂರು ಸಾವಿರವನ್ನು ಎಪ್ಪತ್ತೈದರಿಂದ ಭಾಗಿಸಿದೆ.
ನಲವತ್ತು ತಿಂಗಳು. ಶೇಷ ಸೊನ್ನೆ.
ಅಷ್ಟು ನೀಟಾದ ಹೊಲಿಗೆ ಕಂಡಾಗಲೇ
ದರ್ಜಿಗೆ ಅನುಮಾನ ಬರಬೇಕಿತ್ತು.

ಹಾಗಂತ ಸೂರ್ಯ ಮೋಸ ಮಾಡಲಿಲ್ಲ.
ಹನ್ನೊಂದಕ್ಕೆ ಇಸ್ತ್ರಿ, ಹನ್ನೆರಡಕ್ಕೆ ಬಟ್ಟೆ ಒಗೆತ,
ಬಾಂಗಿಗೆ ಏಳುವವಳು ಬಿಸಿಲಿಗೆ ಏಳುವುದ ಕಲಿತೆ.
ಮದುಮಗಳ ನೆರಿಗೆ ನಡುಹಗಲಲ್ಲೇ ಕೂತವು,
ಅಲುಗದೆ, ಆಣೆ ಮಾಡಿದಂತೆ.

ಮೂರು ಗಂಟೆಗೆ ಮಾತ್ರ
ಉಮ್ಮ್ ರಶಾದಳ ನೀರಿನ ತೊಟ್ಟಿ
ತನ್ನ ನೆರಳನ್ನು ತಂದು ಎರಡು ಫಲಕದ ಮೇಲೆ ಮಲಗಿಸುತ್ತಿತ್ತು.
ನೆರಳಿಗೂ ಬೆಲೆಯಿದೆ ಎಂದು ಅಲ್ಲಿಯವರೆಗೆ ಯಾರಿಗೆ ಗೊತ್ತಿತ್ತು?
ಹೋಗಿ ಕೇಳಿದೆ. "ತೊಟ್ಟಿ ನನ್ನ ಮದುವೆಯ ವರ್ಷದ್ದು," ಎಂದಳು,
"ನಿನ್ನ ಸೂರ್ಯ ನಿನ್ನೆ ಮೊನ್ನೆಯವನು."
ಮೂರು ಸಲ ಕಾಫಿ ಉಕ್ಕಿದ ಮೇಲೆ ರಾಜಿ:
ತೊಟ್ಟಿ ಉತ್ತರಕ್ಕೆ ನಾಲ್ಕು ಮೊಳ,
ಕೊಳಾಯಿಯವನ ನಲವತ್ತು ಡಾಲರ್ ನನ್ನದು,
ಅವಳ ಅಡುಗೆಮನೆಗೆ ನನ್ನ ಕಿಟಕಿಯಿಂದ ಒಂದು ತಂತಿ,
ಒಂದು ಬಲ್ಬು, ಒಂದು ಫ್ಯಾನು.
ಅವಳು ಮಿಕ್ಸಿಯನ್ನೂ ಹಾಕುತ್ತಾಳೆ. ನನಗೆ ಗೊತ್ತು.
ನನಗೆ ಗೊತ್ತೆಂದು ಅವಳಿಗೂ ಗೊತ್ತು.

ಮೂವತ್ತಾರನೆಯ ತಿಂಗಳು,
ಇನ್ನು ಮುನ್ನೂರ ನಲವತ್ತು ಬಾಕಿ ಇರುವಾಗ
ನಾಲ್ಕೂ ಬ್ಯಾಟರಿ ಹೊಟ್ಟೆ ಉಬ್ಬಿ ಸತ್ತವು.
ನಿಜಾರ್ ಬಂದು ತಟ್ಟಿ ನೋಡಿ,
"ಇವುಗಳ ಆಯುಸ್ಸೇ ಮೂರು ವರ್ಷ, ಖಾಲಾ. ಹೇಳಿದ್ದೆನಲ್ಲ?"
ಹೇಳಿರಲಿಲ್ಲ.
ಮತ್ತೆ ಎಂಟುನೂರ ಎಂಬತ್ತು. ಮಾರಲು ಬಳೆಯಿಲ್ಲ,
ಚೀಟಿಯ ಹಣ ಎತ್ತಿದೆ. ನಲವತ್ತು ಐವತ್ತಮೂರಾಯಿತು.
ಎಪ್ಪತ್ತೆರಡಕ್ಕೆ ಇವೂ ಸಾಯುತ್ತವೆ.
ಆಗ ನನಗೆ ಅರವತ್ತೇಳು. ಅದನ್ನೂ ಒಂದು ಮೂಲೆಯಲ್ಲಿ ಬರೆದು,
ಯಾಕೋ, ಅಂಗೈಯಿಂದ ಒರೆಸಿದೆ.

ಕಳೆದ ಶುಕ್ರವಾರ ಏದುಸಿರು ಬಿಡುತ್ತ
ಐದು ಮಹಡಿ ಹತ್ತಿ ಬಂದವನು ಅಬೂ ಹರ್ಬ್.
ವಸೂಲಿಗೆ ಅಂದುಕೊಂಡೆ. ನಾನು ಅವನ ಗಿರಾಕಿಯೇ ಅಲ್ಲ ಈಗ.
ಡೀಸೆಲ್ ಬೆಲೆಯನ್ನು ಬೈದ. ನೀರು ಕುಡಿದ. ಮಹಡಿಗೆ ಹೋಗಿ
ಫಲಕಗಳನ್ನು ಬೆರಳಲ್ಲಿ ಎಣಿಸಿ,
ಕುದುರೆಯ ಹಲ್ಲು ನೋಡುವವನಂತೆ ಒಂದರ ಅಂಚು ಸವರಿ,
"ಮನೆಗೆ ಹಾಕಿಸೋಣ ಅಂತ," ಎಂದ ಮೆಲ್ಲಗೆ.
"ಎಷ್ಟು ತಿಂಗಳಿಗೆ ದುಡ್ಡು ವಾಪಸು?"

"ನಲವತ್ತು," ಎಂದೆ.
ನಿಜಾರನ ನಂಬರನ್ನು ಅವನದೇ ರಸೀದಿ ಪುಸ್ತಕದ ಹಿಂದೆ ಬರೆದುಕೊಟ್ಟೆ.
ಬ್ಯಾಟರಿಯ ಮಾತು ಎತ್ತಲಿಲ್ಲ.